ಸೊನ್ನಿ ಬೇರೆ, ಗೆರಿ ಬೇರೆ

ಮೊನ್ನೆ ಗಾಜಿಪುರದ ನಮ್ಮ ಓಣಿಯ ತುದಿಗೆ ಬಂಡಿಯವನು ಕಮಲಾಪುರದ ಕೆಂಪು ಬಾಳೆಹಣ್ಣು ತಂದಿದ್ದ. ಒಂದು ಡಜನ್ ಕಟ್ಟಿಸಿಕೊಂಡು ಬಂದು ಚೀಲ ಬಿಚ್ಚಿದೆ. ಮೂಗಿಗೆ ಬಡಿದದ್ದು ಹಣ್ಣಿನ ವಾಸನೆ ಅನಿಸಲಿಲ್ಲ. ಕಾಗದದ್ದು ಅನಿಸಿತು... ನಮ್ಮ ಆಫೀಸಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಒಂದು ತಖ್ತೆಯ ವಾಸನೆ.

ಆಗ ನಾನು ಇಲ್ಲಿಯೇ, ಕಲಬುರಗಿಯಲ್ಲಿ, ಮಳೆಯ ಮತ್ತು ಹಳ್ಳದ ನೀರಿನ ಲೆಕ್ಕ ಇಡುವ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ್ದೆ. ಭೀಮೆಗೆ ಹೋಗಿ ಕೂಡುವ ಹಳ್ಳಗಳ ದಂಡೆಯ ಊರುಗಳಲ್ಲಿ ನಮ್ಮ ಅಳತೆಯವರು ಇದ್ದರು. ದಿನಾ ಮುಂಜಾನೆ ಮಳೆಯ ಡಬ್ಬಿ ನೋಡಬೇಕು. ಸೇತುವೆಯ ಕಂಬಕ್ಕೆ ಬಡಿದ ಅಳತೆಪಟ್ಟಿಯ ಮೇಲೆ ನೀರು ಎಲ್ಲಿಗೆ ಬಂದಿದೆ ನೋಡಬೇಕು, ತಖ್ತೆಯ ಮನೆಗಳಲ್ಲಿ ದಿನದ ಅಂಕಿ ಬರೆದಿಡಬೇಕು. ತಿಂಗಳು ಮುಗಿದ ಮೇಲೆ ಆ ತಖ್ತೆ ನಮಗೆ. ಅದನ್ನು ಕಂಪ್ಯೂಟರಿಗೆ ಏರಿಸಿ ಮೇಲಿನ ಕಚೇರಿಗೆ ಕಳಿಸುವವಳು ನಾನು.

ಕಮಲಾಪುರದ ಅಳತೆಯವರಿಗೆ ಟಪಾಲಿನ ಮೇಲೆ ನಂಬಿಕೆ ಇರಲಿಲ್ಲ. ಖುದ್ದು ಬಸ್ಸು ಹತ್ತಿ ಬರುತ್ತಿದ್ದರು, ಬಾಳೆಹಣ್ಣಿನ ಚೀಲದಲ್ಲಿಯೇ ತಖ್ತೆ ಮಡಚಿಟ್ಟುಕೊಂಡು. ಹಣ್ಣು ನಮಗೆ, ತಖ್ತೆ ಸರ್ಕಾರಕ್ಕೆ. ಆಫೀಸಿನಲ್ಲಿ ಎಲ್ಲರಿಗೂ ಅವರು ಚಾಚಾ.

ಮೊದಲ ಸಲ ನನ್ನ ಮೇಜಿನ ಮುಂದೆ ಕೂತಾಗಲೇ ಒಂದು ಪಾಠ ಹೇಳಿದರು.

"ಬೇಟಿ, ಮಳಿ ಬರಲಿಲ್ಲಂದ್ರ ನಾ ಸೊನ್ನಿ ಬರೀತೀನಿ, ಗೆರಿ ಎಳಿಯಂಗಿಲ್ಲ. ಸೊನ್ನಿ ಅಂದ್ರ ಹೋಗಿ ನೋಡೀನಿ, ಏನೂ ಇಲ್ಲ. ಗೆರಿ ಅಂದ್ರ ನೋಡೇ ಇಲ್ಲ, ಮನ್ಯಾಗ ಮಲಗೀನಿ."

"ಏನೂ ಇಲ್ಲ ಅಂದಮ್ಯಾಲೆ ಎರಡೂ ಒಂದೇ ಅಲ್ಲೇನ್ರಿ ಚಾಚಾ?"

"ಹ್ಯಾಂಗ ಒಂದ? ಡಬ್ಬಿ ಖಾಲಿ ಅದ ಅನ್ನೋದು ಬೇರೆ, ನನ್ನ ತಲಿ ಖಾಲಿ ಅದ ಅನ್ನೋದು ಬೇರೆ."

ನಕ್ಕೆ. ನಕ್ಕು ಮರೆತೆ.

ಒಂದು ವರ್ಷ ಮಳೆಗಾಲದ ನಡುವೆಯೇ ಮಳೆ ನಿಂತುಹೋಯಿತು. ಚಾಚಾ ತಂದ ತಖ್ತೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಸೊನ್ನೆಗಳೇ. ಮುಂದಿನ ತಿಂಗಳೂ ಹಾಗೆಯೇ. ಅಳತೆಪಟ್ಟಿಯ ಬುಡದಲ್ಲಿ ಮಣ್ಣು ಬಿರಿದಿದೆ ಎಂದರು. ಆ ಸಲ ಚೀಲದಲ್ಲಿ ಹಣ್ಣಿರಲಿಲ್ಲ, ಅದಕ್ಕೆ ಅವರೇ ನಾಚಿಕೊಂಡರು. ಕಂಪ್ಯೂಟರಿನಲ್ಲಿ ಅಷ್ಟೊಂದು ಸೊನ್ನೆ ನನಗೆ ಕೋಳಿ ಮೊಟ್ಟೆ ಇಟ್ಟಂತೆ ಕಂಡಿತು. ಎಲ್ಲ ತೆಗೆದು ಒಂದೊಂದು ಗೆರೆ ಹಾಕಿದೆ. ಯಾರೂ ಹೇಳಿರಲಿಲ್ಲ. ಕಣ್ಣಿಗೆ ಚೊಕ್ಕ ಕಂಡಿತು, ಹಾಕಿದೆ...

ಮೇಲಿನ ಕಚೇರಿಯವರು ಗೆರೆಯನ್ನು ಗೆರೆ ಎಂದೇ ಓದಿದರು. ಕಮಲಾಪುರದಲ್ಲಿ ಯಾರೂ ಅಳೆದಿಲ್ಲ ಎಂದುಕೊಂಡು ಪಕ್ಕದ ಕೇಂದ್ರದ ಅಂಕಿಯನ್ನೇ ಇದಕ್ಕೂ ಹಚ್ಚಿದರು. ಅಲ್ಲಿ ಹೇಗೋ ಒಂದೆರಡು ದೊಡ್ಡ ಮಳೆ ಬಿದ್ದಿದ್ದವು. ಬರದ ಪಟ್ಟಿ ಹೊರಬಿದ್ದಾಗ ಚಾಚಾನ ಊರಿನ ಮುಂದೆ 'ಸಾಧಾರಣ ಮಳೆ' ಎಂದಿತ್ತು. ಅದರ ಬೆನ್ನಿಗೇ ಇನ್ನೊಂದು ಕಾಗದ ಬಂತು: ಅಳತೆಯವರು ಕೆಲಸ ಮಾಡುತ್ತಿಲ್ಲ, ಬಿಡಿಸಿರಿ. ಪುರಾವೆಗೆಂದು ನಾನು ಹಾಕಿದ ಗೆರೆಗಳನ್ನೇ ಲಗತ್ತಿಸಿದ್ದರು.

ಆ ಭಾನುವಾರ ಮಹಾಗಾಂವ ಹಾದು ಕಮಲಾಪುರಕ್ಕೆ ಹೋಗುವ ಬಸ್ಸು ಹಿಡಿದೆ. ತಪ್ಪು ನನ್ನದು ಎಂದು ಹೇಳಿ, ಬರೆದೂ ಕೊಡಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಕಮಲಾಪುರದಲ್ಲಿ ಇಳಿದು ಚಹಾದ ಅಂಗಡಿಯಲ್ಲಿ ಮನೆ ಕೇಳಿದೆ.

"ಯಾರು, ಮಲಗೋ ಚಾಚಾನೇನ್ರಿ?" ಅಂದ ಒಬ್ಬ. "ಸರ್ಕಾರದ ಕಾಗದದಾಗ ಮಳಿ ಸುರಿಸಿಬಿಟ್ಟಾರ ನೋಡ್ರಿ. ನಮ್ಮ ಹೊಲದಾಗೂ ಒಂದು ಹನಿ ಬಿಡು ಅಂತ ಹೇಳ್ರಿ."

ಕೂತವರೆಲ್ಲ ನಕ್ಕರು. ನಾನೂ ತುಟಿ ಅಗಲಿಸಿದೆ ಅನಿಸುತ್ತದೆ.

ಚಾಚಾ ಅಂಗಳದಲ್ಲಿ ಕೂತು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಬಗ್ಗಿ ನೋಡಿದೆ. ಪುಟದ ತುಂಬ ಸೊನ್ನೆಗಳು. ದೊಡ್ಡವು, ಗುಂಡಗಿನವು, ಒತ್ತಿ ಬರೆದವು.

"ಬಾ ಬೇಟಿ. ನನ್ನ ಸೊನ್ನಿನೇ ಕೆಟ್ಟಾವ ನೋಡು. ಕೈ ನಡಗತದ. ನಾ ಸೊನ್ನಿ ಹಾಕೀನಂತ ತಿಳಕೊಂಡೀನಿ, ಅವು ಗೆರಿ ಆಗಿ ಹೋಗ್ಯಾವ. ಈಗ ರೂಢಿ ಮಾಡಾಕತ್ತೀನಿ."

"ಎರಡು ದಿನ ಆತವ್ವ," ಅಂದರು ಚಾಚಿ ಒಳಗಿನಿಂದ. "ಊಟಕ್ಕ ಕರದ್ರ ಸೊನ್ನಿ ತೋರಸ್ತಾರ."

ಚಾಚಾ ನಗಲಿಲ್ಲ. ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಮ್ಮ ತಖ್ತಾ ನೀನೇ ನೋಡೀದಿ. ಖರೇ ಹೇಳು. ಸೊನ್ನಿ ಹಂಗ ಕಾಣ್ತಿದ್ವೋ ಇಲ್ಲೋ?"

ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಅದೇ ಕಾರಣ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

"ಸ್ವಲ್ಪ ಮಸುಕಿದ್ವು ಚಾಚಾ," ಅಂದೆ.

"ಕೇಳಿದೇನು?" ಎಂದು ಅವರು ಒಳಗೆ ಚಾಚಿಗೆ ಕೂಗಿದರು, ವಾದ ಗೆದ್ದವರ ಹಾಗೆ. "ನಾ ಹೇಳಲಿಲ್ಲ? ಆಫೀಸಿನವರದು ತಪ್ಪಿಲ್ಲ." ಆಮೇಲೆ ನನಗೆ ಚಹಾ ಕುಡಿಸಿ, ಬಸ್‌ಸ್ಟ್ಯಾಂಡಿನವರೆಗೆ ಬಂದು ಸೀಟು ಹಿಡಿದುಕೊಟ್ಟರು. ಚಹಾದ ಅಂಗಡಿಯ ಮುಂದೆ ಹಾಯುವಾಗ ತಲೆ ತಗ್ಗಿಸಿ ನಡೆದರು. ಪಕ್ಕದಲ್ಲಿ ನಾನು.

ಕೆಲಸ ಹೋದ ಮೇಲೆಯೂ ಅವರು ಮುಂಜಾನೆ ಸೇತುವೆಗೆ ಹೋಗಿ ಪಟ್ಟಿ ನೋಡಿ ಬರುತ್ತಿದ್ದರಂತೆ. ಬರೆಯಲು ಅವರ ಬಳಿ ತಖ್ತೆ ಇರಲಿಲ್ಲ. ತೀರಿಕೊಂಡ ಸುದ್ದಿ ತಂದವನು ಅವರ ಜಾಗಕ್ಕೆ ಬಂದ ಹೊಸ ಅಳತೆಯವನು. "ಹೌದಾ?" ಎಂದು ಕೇಳಿ, ಅವನ ತಖ್ತೆ ತೆಗೆದುಕೊಂಡು ಏರಿಸಲು ಕೂತೆ. ಅಂಕಿ ಒಂದೂ ತಪ್ಪಲಿಲ್ಲ. ಸುಳ್ಳು ಹೇಳಿದ ಬಾಯಿಗೆ ಅಳು ತಡವಾಗಿ ಬರುತ್ತದೆ ಎನ್ನುತ್ತಿದ್ದಳು ನಮ್ಮಜ್ಜಿ. ನನಗೆ ಇನ್ನೂ ಬಂದಿಲ್ಲ.

ಈಗ ಇಡೀ ಭೀಮಾ ಕಣಿವೆಯ ತಿಂಗಳ ವರದಿ ನನ್ನ ಕೈಯಿಂದಲೇ ಹೋಗುತ್ತದೆ. ಹಳೆಯ ಅಂಕಿಗಳನ್ನು ತಿದ್ದಲು ನಮ್ಮಲ್ಲಿ ಒಂದು ಫಾರಂ ಇದೆ. ಹಣ್ಣು ತಂದ ಮರುದಿನ ಅದನ್ನು ತೆಗೆದು ತುಂಬಿದೆ. ಕೇಂದ್ರ, ತಿಂಗಳು, ತಪ್ಪು ಏನು, ತಪ್ಪು ಮಾಡಿದವರು ಯಾರು... ನನ್ನ ಹೆಸರು ಒತ್ತಿ ಬರೆದೆ. ಕೆಳಗಿನ ಸಾಲಿನಲ್ಲಿ ಮೂಲ ತಖ್ತೆ ಇಲ್ಲವೇ ಖುದ್ದು ನೋಡಿ ಅಳೆದವರ ಸಹಿ ಬೇಕು ಎಂದಿತ್ತು. ತಖ್ತೆಗಳು ಯಾವಾಗಲೋ ರದ್ದಿಗೆ ಹೋಗಿವೆ. ಚಾಚಾ ಇದ್ದಾಗ ಕೇಳಿದ್ದರೆ ಓಡಿ ಬಂದು ಸಹಿ ಹಾಕುತ್ತಿದ್ದರು.

ಫಾರಂ ಮೇಜಿನ ಮೇಲೆಯೇ ಇದೆ.