ಸೈಲಸ್‌ನ ತೇಪೆ ಅಂಗಿ

ನಮ್ಮ ಗಾಸ್ಪೋರ್ಟ್ ಬಂದರಿನ ಈಲೈ ಟ್ಯಾರಂಟ್ ಮುದುಕನಾಗುವವರೆಗೂ ಬದುಕಿದ, ಮದುವೆಯಾಗಲಿಲ್ಲ. ಯಾಕೋ ಎಂದು ಕೇಳಿದವರಿಗೆ ಬೈಗುಳವೇ ಗತಿ. ಅಪ್ಪ ಮರದ ಹಡಗು ಕಟ್ಟುವವನು. ಮಗ ಆ ಮರದ ಹೊಟ್ಟೆಯೊಳಗೇ ಉಗಿಯಂತ್ರದ ಒಲೆಗೆ ಬೆಂಕಿ ಹಾಕುವ ಕೆಲಸಕ್ಕೆ ಸೇರಿದಾಗ ಅಪ್ಪ ಸುಮಾರು ದಿನ ಮಾತು ಬಿಟ್ಟಿದ್ದ. ಆ ಕಾಲದಲ್ಲಿ ಹಾಯಿ-ಉಗಿಯ ಈ ಜಗಳ ಮನೆಮನೆಯಲ್ಲೂ ಇತ್ತು ಬಿಡಿ.

ಈಲೈ ಸೇರಿದ್ದು 'ಟಿಟ್‌ಲಾರ್ಕ್' ಎಂಬ ಸಣ್ಣ ಫಿರಂಗಿ ಹಡಗಿಗೆ. ಗಾಳಿ ಇದ್ದರೆ ಹಾಯಿ, ಇಲ್ಲದಿದ್ದರೆ ಉಗಿ. ಹಾಯಿ ಬಿಚ್ಚಿದ ದಿನ ಒಲೆ ಆರಿಸಿ, ಹೊಗೆಕೊಳವೆ ಮಲಗಿಸಿ, ಇದ್ದಲಿನವರನ್ನೆಲ್ಲ ಹಗ್ಗ ಎಳೆಯಲು ಮೇಲಕ್ಕೆ ಅಟ್ಟುತ್ತಿದ್ದರು. ಹಾಯಿಯವರಿಗೆ ಅದಕ್ಕಿಂತ ಹಬ್ಬ ಬೇಕೆ?

"ಏನೋ ಮಸಿಮೂತಿ, ಹಗ್ಗಕ್ಕೂ ಮಸಿ ಬಳೀತೀಯಾ?" ಎಂದು ಹಾಯಿಯವರಲ್ಲೊಬ್ಬನಾದ ಸೈಲಸ್ ಬಡನ್ ಹಾಯಿಕಂಬದ ಮೇಲಿಂದ ಕೂಗುತ್ತಿದ್ದ.

"ಗಾಳಿ ನಿಲ್ಲಲಿ ಮಗನೇ, ಆಗ ನನ್ನ ಕಾಲಿಗೇ ಬೀಳ್ತೀಯ!" ಎನ್ನುತ್ತಿದ್ದ ಈಲೈ.

ಹೀಗೆ ಬೈದುಕೊಂಡೇ ಇಬ್ಬರೂ ಜೀವದ ಗೆಳೆಯರಾದರು. ಒಬ್ಬನ ಪಾಲಿನ ರಮ್ಮನ್ನು ಇನ್ನೊಬ್ಬ ಕೇಳದೆ ಕುಡಿಯುವಷ್ಟು ಸಲಿಗೆ.

ಆಫ್ರಿಕಾದ ನದಿಯೊಂದರ ಬಾಯಲ್ಲಿ ಹಡಗಿಗೆ ಜ್ವರ ಹೊಕ್ಕಿತು. ಕಂಬ ಹತ್ತಿ ರೇಗಿಸುತ್ತಿದ್ದ ಸೈಲಸ್ ವಾರದೊಳಗೆ ಹೋಗಿಬಿಟ್ಟ. ಅವನು ಮಲಗುತ್ತಿದ್ದ ಜೋಲಿಯಲ್ಲೇ ಹೊಲಿದು ನೀರಿಗೆ ಬಿಟ್ಟರು. ಈಲೈಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಕೆಳಗಿಳಿದು ಒಲೆಗೆ ಇದ್ದಲು ಎಸೆದ.

ಸತ್ತವನ ಬಟ್ಟೆಬರೆಯನ್ನು ಕಂಬದ ಬುಡದಲ್ಲಿ ಹರಾಜು ಹಾಕುವುದು ಹಡಗಿನವರ ಪದ್ಧತಿ. ಕೊಂಡವನು ಅದನ್ನು ಮತ್ತೆ ಹರಾಜಿಗೇ ಎಸೆಯುತ್ತಾನೆ, ಇನ್ನೊಬ್ಬ ಕೊಳ್ಳುತ್ತಾನೆ. ಸತ್ತವನ ಹೆಂಡತಿಗೆ ನಾಲ್ಕು ಕಾಸು ಹೆಚ್ಚು ಸೇರಲಿ ಅಂತ. ಈಲೈ ಕೈಗೆ ಸೈಲಸ್‌ನ ಕೆಲಸದ ಅಂಗಿ ಬಂತು. ಅದರ ಬೆನ್ನಿಗೆ ಕೆಂಪು ತೇಪೆ, ಹೆಂಡತಿ ಕೆಜಾಯಾ ತನ್ನ ಒಳಲಂಗ ಕತ್ತರಿಸಿ ಹಚ್ಚಿದ್ದು. ಈಲೈ ಅದನ್ನು ವಾಪಸ್ ಎಸೆಯಲಿಲ್ಲ.

"ಸತ್ತೋನ ಅಂಗಿ ಮೇಲೂ ಆಸೇನಾ? ಥೂ ನಿನ್ನ!" ಎಂದು ಜೊತೆಯವರು ಉಗಿದರು.

ಈಲೈ ಅದನ್ನು ಕೆಜಾಯಾಳ ಕೈಗೇ ಕೊಡಬೇಕೆಂದು ಇಟ್ಟುಕೊಂಡಿದ್ದ. ಮಡಿಸಿ ತನ್ನ ಚೀಲದ ತಳಕ್ಕೆ ತುರುಕಿದ.

ಊರು ಸೇರುವ ಹಿಂದಿನ ದಿನ ಒಲೆಯಿಂದ ಸಿಡಿದ ಕೆಂಡ ಅವನ ಅಂಗಿಯನ್ನು ಸುಟ್ಟಿತು. ಇನ್ನೊಂದು ಆಗಲೇ ಚಿಂದಿ. ಚಳಿಗೆ ಸೈಲಸ್‌ನದನ್ನೇ ತೊಟ್ಟ. ಸಾವಿನ ಸುದ್ದಿ ಅಂಚೆ ಹಡಗಿನಲ್ಲಿ ಎಂದೋ ಮನೆ ಮುಟ್ಟಿದೆ ಎಂದೇ ಎಲ್ಲರೂ ನಂಬಿದ್ದರು.

ಗಾಳಿ ಚೆನ್ನಾಗಿತ್ತು. ನಾಯಕನಿಗೆ ಊರವರೆದುರು ಹಾಯಿಯಲ್ಲೇ ಬರುವ ಜಂಬ. ಈಲೈ ದಡಕ್ಕೆ ಬೆನ್ನು ಹಾಕಿ ಹಗ್ಗ ಎಳೆಯುತ್ತಿದ್ದ.

"ಸೈಲಸ್! ಲೇ ಸೈಲಸ್! ಈ ಕಡೆ ನೋಡೋ! ಕಿವಿ ಅಲ್ಲೇ ಬಿಟ್ಟು ಬಂದ್ಯಾ?"

ಕೆಜಾಯಾಳ ದನಿ. ಅಯ್ಯೋ ದೇವರೇ, ಸುದ್ದಿ ತಲುಪೇ ಇಲ್ಲ! ಬೆನ್ನ ಮೇಲಿನ ಕೆಂಪು ತೇಪೆ ಕಂಡು ಕೂಗುತ್ತಿದ್ದಾಳೆ. ತಾನು ತಿರುಗುವವರೆಗೆ ಅವಳ ಪಾಲಿಗೆ ಸೈಲಸ್ ಬದುಕಿರುತ್ತಾನೆ. ಈಲೈಗೆ ಹೊಳೆದದ್ದು ಅಷ್ಟೇ. ಹಗ್ಗ ಬಿಗಿದಾಗಿತ್ತು, ಎಳೆಯಲು ಏನೂ ಉಳಿದಿರಲಿಲ್ಲ. ಆದರೂ ಹಿಡಿದೇ ನಿಂತ. ಹಿಂದಿನಿಂದ ಅವಳು ನಗುತ್ತಾ ಕೂಗುತ್ತಲೇ ಇದ್ದಳು.

"ಬಿಡೋ ಹಗ್ಗಾನ," ಎಂದ ಹಗ್ಗದವರ ಮೇಸ್ತ್ರಿ. ಅವನು ಮೆತ್ತಗೆ ಮಾತಾಡಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಈಲೈ ತಿರುಗಿದ.

ಅವಳ ನಗು ಒಮ್ಮೆಲೇ ಹೋಗಲಿಲ್ಲ, ಮುಖದಲ್ಲೇ ಸ್ವಲ್ಪ ಹೊತ್ತು ಉಳಿದಿತ್ತು. ಅವನು ಇಳಿದು ಹತ್ತಿರ ಹೋದ.

"ಅವನೆಲ್ಲಿ?"

"ಜ್ವರ ಬಂತು."

"ಯಾವಾಗ?"

"ಈಸ್ಟರ್ ಹೊತ್ಗೆ."

"ಆಮೇಲೂ ಅವನಿಗೆ ಕಾಲುಚೀಲ ಹೆಣೀತಾ ಇದ್ದೆ," ಎಂದಳು. ಬೇರೆ ಯಾರದೋ ಮನೆಯ ವಿಷಯ ಹೇಳಿದ ಹಾಗಿತ್ತು.

ಈಲೈ ಅಂಗಿ ಬಿಚ್ಚಲು ಹೋದ. ಅವಳು ಅವನ ಕೈ ಹಿಡಿದಳು.

"ಬಿಚ್ಬೇಡ. ತಿರುಗಿ ನಿಂತ್ಕೋ."

ಅವನು ಹಡಗಿನ ಕಡೆ ಮುಖ ಮಾಡಿ ನಿಂತ. ಅವಳು ತೇಪೆಯ ಮೇಲೆ ಅಂಗೈ ಊರಿದಳು.

"ಸೈಲಸ್," ಎಂದಳು.

"ಹ್ಞೂಂ," ಎಂದ ಈಲೈ.