ಖಾದರ್ ಸರ್ ಮತ್ತು ನೀಲಿ ಡಬ್ಬಿ

ಖಾದರ್ ಸರ್ ತಮ್ಮದೇ ಡ್ರಾಯರನ್ನು ಎಳೆಯುವ ಮುಂಚೆಯೂ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದರು. ಕೊಟ್ಟೂರಿನ ಅವರ ಅಂಗಡಿಯ ಮುಂಭಾಗದಲ್ಲಿ ಮಿಕ್ಸಿ ರಿಪೇರಿ, ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಪಾಠ. ನಾನು ಹರಪನಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಅವರ ಹತ್ತಿರ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತೆ.

ಒಂದರೊಳಗೊಂದು ಅಡಗಿರುವ ಮಾಹಿತಿಯನ್ನು ತೆಗೆಯುವುದನ್ನು ಅವರು ಬೋರ್ಡಿನ ಮೇಲೆ ಕಲಿಸಲಿಲ್ಲ. ಕೈಗೆ ಚೀಟಿ ಕೊಟ್ಟರು: ಕಪಾಟು, ಎರಡನೇ ಡ್ರಾಯರು, ನೀಲಿ ಡಬ್ಬಿ, ಫ್ಯೂಸು.

"ಒಂದೊಂದೇ ಹೆಸರು ಓದು, ಅದನ್ನ ತಗಿ, ಒಳಗ ಹೋಗು. ನಾಳೆ ಬ್ಯಾರೆ ಚೀಟಿ ಬರ್ತೈತಿ, ದಾರಿ ಬ್ಯಾರೆ ಆಗ್ತೈತಿ. ನಿನ್ನ ಪ್ರೋಗ್ರಾಮು ಮಾತ್ರ ಅದೇ ಇರ್ಬೇಕು."

ಡ್ರಾಯರಿನಲ್ಲಿ ನೀಲಿ ಡಬ್ಬಿ ಇರಲಿಲ್ಲ. "ಫ್ಯೂಸಿಲ್ಲ ಸರ್" ಎಂದೆ.

"ಫ್ಯೂಸಿಲ್ಲ ಅಂತ ನಿನಗ್ಯಾರು ಹೇಳಿದ್ರು ಬೇಟಿ? ಡಬ್ಬಿನೇ ಸಿಗಲಿಲ್ಲ ಅನ್ನು. ಡಬ್ಬಿ ತಗದು ನೋಡಿದೋರಷ್ಟೇ ಇಲ್ಲ ಅನ್ಬೇಕು." ಡಬ್ಬಿ ಅವರ ತೊಡೆಯ ಮೇಲಿತ್ತು. ಫ್ಯೂಸೂ ಅದರಲ್ಲಿತ್ತು.

ಹರಪನಹಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಮಾಹಿತಿ ಜೋಡಿಸುವ ಕೆಲಸ ಸಿಕ್ಕಾಗ ಸರ್ ನನ್ನನ್ನೂ ಸೇರಿಸಿಕೊಂಡರು. ಊರು, ಅದರೊಳಗೆ ಮನೆ, ಅದರೊಳಗೆ ವ್ಯಕ್ತಿ, ಅದರೊಳಗೆ ಆ ವ್ಯಕ್ತಿಗೆ ಆಗದ ಔಷಧ. ಹುಡುಕುವ ಭಾಗ ನನ್ನದು. ದಾರಿ ನಡುವೆ ಕಡಿದರೆ ಪ್ರೋಗ್ರಾಂ ನಿಂತುಬಿಡುತ್ತಿತ್ತು. ನಿಲ್ಲಬಾರದೆಂದು, ಕಡಿದಲ್ಲೆಲ್ಲ 'ಇಲ್ಲ' ಎಂದು ತೋರಿಸುವಂತೆ ಒಂದು ಸಾಲು ಬರೆದೆ. ಸರ್‌ಗೆ ತೋರಿಸಲಿಲ್ಲ.

ಹಲವಾಗಲು ಎಂಬ ಹಳ್ಳಿಯ ಮಾಹಿತಿ ತುಂಬಿದವರು ಊರಿಗೂ ಮನೆಗೂ ನಡುವೆ ಓಣಿಯನ್ನು ಸೇರಿಸಿದ್ದರು. ನನ್ನ ದಾರಿಯಲ್ಲಿ ಓಣಿ ಇರಲಿಲ್ಲ, ಅದು ಅಲ್ಲೇ ಕಡಿಯಿತು. ಆ ಊರಿಂದ ಬಂದ ಹೆಂಗಸೊಬ್ಬರ ಹೆಸರಿನ ಮುಂದೆ ಪರದೆ 'ಆಗದ ಔಷಧ: ಇಲ್ಲ' ಎಂದು ತೋರಿಸಿತು. ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಅವರ ತುಟಿ ಊದಿತು, ಉಸಿರು ಕಟ್ಟತೊಡಗಿತು. ನಾನು ಬಾಗಿಲಲ್ಲಿದ್ದೆ. ಅವರು ನನ್ನ ಕಡೆಗೇ ಕೈ ಚಾಚಿದ್ದರು. ಡಾಕ್ಟರು ಹೇಗೋ ಉಳಿಸಿಕೊಂಡರು.

ಮರುದಿನ ಡಾಕ್ಟರು ನಮ್ಮನ್ನು ಕರೆಸಿದರು. "ನಿಮ್ಮಿಬ್ಬರಾಗ ಯಾರು ಬರದ್ರಿ ಇದನ್ನ?"

ನಾನು ನೆಲ ನೋಡಿದೆ.

"ನಾನ್ರಿ" ಎಂದರು ಖಾದರ್ ಸರ್.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, "ನನಗ ಮಿಕ್ಸಿ ಅದಾವ ಬೇಟಿ. ನಿನಗೇನೈತಿ?" ಎಂದು ನಕ್ಕರು. ಆಸ್ಪತ್ರೆಯವರು ಅವರನ್ನು ಕೆಲಸದಿಂದ ಬಿಡಿಸಿದರು. ಪ್ರೋಗ್ರಾಂ ಸರಿಪಡಿಸುವುದನ್ನು ನನಗೇ ವಹಿಸಿದರು. ನಾನು ಒಪ್ಪಿಕೊಂಡೆ. ಸುದ್ದಿ ಕೊಟ್ಟೂರು ಮುಟ್ಟಿದ ಮೇಲೆ ಹಿಂದಿನ ಕೋಣೆಗೆ ಪಾಠಕ್ಕೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

ಕೊನೆಯ ಸಲ ಹೋದಾಗ ಸರ್ ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದರು. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ, ಕೇಳದೆ ಸ್ಕ್ರೂಗಳನ್ನು ಆರಿಸಿಕೊಡುತ್ತ ಕೂತೆ. ಅವರೇ ಕೇಳಿದರು, "ದಾರಿ ಸಿಗದಿದ್ರ ಈಗ ಏನಂತೈತಿ?"

"'ಗೊತ್ತಿಲ್ಲ, ರೋಗಿಯನ್ನು ಕೇಳಿ' ಅಂತೈತಿ ಸರ್."

"ಶಾಣ್ಯಾ ಆತು ಬಿಡು ನಿನ್ನ ಪ್ರೋಗ್ರಾಮು. ಚಾ ಕುಡಿತೀ?"

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಡಾಕ್ಟರು, "ಮನುಷ್ಯ ಒಳ್ಳ್ಯಾವ. ಆದ್ರ ಅದೊಂದು ತಪ್ಪು ಮಾಡಬಾರದಿತ್ತು" ಎಂದರು.

"ಅದನ್ನ ಬರದದ್ದು ನಾನು ಸರ್."

ಡಾಕ್ಟರು ಸ್ಟೆತಸ್ಕೋಪನ್ನು ಮೇಜಿನ ಮೇಲಿಟ್ಟರು. "ಅವ್ರು ಇದ್ದಾಗ ಯಾಕ ಹೇಳಲಿಲ್ಲಮ್ಮ?"

ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಗೊತ್ತಿತ್ತು.