ಬಲಗಾಲು ಅಂದಿದ್ದೆ

ಹರಪನಹಳ್ಳಿಯಲ್ಲಿ ಫಿಸಿಯೋಥೆರಪಿ ಓದುವಾಗ ನನ್ನ ಹೊಟ್ಟೆ ಉರಿಸಿದವಳು ಒಬ್ಬಳೇ, ಅದೂ ನನ್ನ ಜೀವದ ಗೆಳತಿ. ಅವಳು ಕೊಟ್ಟೂರಿನ ಮೆಕ್ಯಾನಿಕ್ ಒಬ್ಬರ ಮಗಳು. ನಾನು ಕೂಡ್ಲಿಗಿಯವಳು, ಅಪ್ಪ ಹೈಸ್ಕೂಲ್ ಮೇಷ್ಟ್ರು. ದಿನಾ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಎಲುಬು, ನರಗಳ ಹೆಸರನ್ನು ಅವಳಿಗೆ ಬಾಯಿಪಾಠ ಮಾಡಿಸಿದವಳು ನಾನೇ. ಆದರೆ ರೋಗಿಯ ಮೈಮೇಲೆ ಕೈ ಇಟ್ಟಾಗ ನನ್ನ ಓದು ಕೆಲಸಕ್ಕೆ ಬರುತ್ತಿರಲಿಲ್ಲ. ನಾನು ಮುಟ್ಟಿದರೆ ಅವರು ಕಾಲು ಬಿಗಿ ಹಿಡಿಯುತ್ತಿದ್ದರು. ಅವಳು ಮುಟ್ಟಿದರೆ ಅದೇ ಕಾಲನ್ನು ಸಡಿಲ ಬಿಟ್ಟು ಮನೆಯ ಸುದ್ದಿ ಹೇಳತೊಡಗುತ್ತಿದ್ದರು. ‘ಈ ಹುಡುಗಿಯ ಕೈಗುಣ ನೋಡಿ ಕಲೀರಿ’ ಎಂದು ಮೇಡಂ ಕ್ಲಾಸಿನಲ್ಲಿ ಹೊಗಳಿದ ದಿನ ನಾನು ತಲೆನೋವು ಎಂದು ಊಟ ಬಿಟ್ಟೆ. ಅವಳು ತನ್ನ ಡಬ್ಬಿಯಲ್ಲಿ ನನಗೆಂದು ಎರಡು ರೊಟ್ಟಿ ಎತ್ತಿಟ್ಟಿದ್ದಳು.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಮ್ಮಿಬ್ಬರಿಗೂ ಒಬ್ಬರೇ ರೋಗಿ. ಇಟ್ಟಿಗಿ ಎಂಬ ಊರಿನ ಅಜ್ಜಿ, ಮೊಣಕಾಲು ನೋವು. ಮೊದಲು ನನ್ನ ಸರದಿ. ಬಾವು ನೋಡಿದೆ, ಬಿಸಿ ಇದೆಯೇ ಎಂದು ಮುಟ್ಟಿದೆ, ಮಡಚಿಸಿದೆ, ಚಾಚಿಸಿದೆ. ಪುಸ್ತಕದಲ್ಲಿದ್ದ ಒಂದನ್ನೂ ಬಿಡಲಿಲ್ಲ. ‘ಎಡ ಮೊಣಕಾಲಿನ ಸವೆತ ಸರ್’ ಎಂದೆ. ಬೇರೆ ಊರಿಂದ ಬಂದಿದ್ದ ಪರೀಕ್ಷಕರು ತಲೆ ಎತ್ತದೆ, ‘ಆಯ್ತು, ಹೋಗಮ್ಮ’ ಎಂದರು.

ಹೊರಗೆ ಬಂದೊಡನೆ ಗೆಳತಿ ಕೈ ಹಿಡಿದಳು.

“ಲೇ, ಯಾವ ಕಾಲು? ಅಷ್ಟು ಹೇಳು ಸಾಕು.”

“ಬಲಗಾಲು,” ಎಂದೆ.

ಮೊದಲೇ ಯೋಚಿಸಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಆದರೆ ಅವಳು ಏಪ್ರನ್ ಸರಿಮಾಡಿಕೊಂಡು ಒಳಗೆ ಹೋಗುವವರೆಗೂ ಕರೆದು ತಿದ್ದಲು ಸಮಯವಿತ್ತು. ಕರೆಯಲಿಲ್ಲ. ಪರದೆಯ ಈಚೆ ಬೆಂಚಿನ ಮೇಲೆ ಕೂತು ಕಿವಿಗೊಟ್ಟೆ.

“ಅಜ್ಜೀ, ಯಾವ ಮೊಣಕಾಲು ನೋಯ್ತೈತ್ರಿ?”

“ಎಡಗಾಲವ್ವ.”

ನಾನು ಬೆಂಚಿನ ಮೇಲೆ ಪರದೆಯ ಕಡೆಗೆ ಇನ್ನಷ್ಟು ಸರಿದೆ. ಆಮೇಲೆ ಅವಳ ದನಿ, “ಬಲಗಾಲೂ ಒಂದೀಟು ನೋಡ್ಲೇನ್ರಿ?”

“ಅದು ಚಲೋನ ಐತಿ. ನೋಡವ್ವ, ಅದಕ್ಕೇನು.”

ಕೊಂಚ ಹೊತ್ತಿಗೆ ಅಜ್ಜಿ “ಯಪ್ಪಾ!” ಎಂದಳು.

“ಎಲ್ಲಿ ಹಿಡಿತ್ರಿ, ತೊಡಿ ಸಂದಿನ್ಯಾಗೇನು?”

“ಹ್ಞೂಂ. ಬಾಳ ದಿನಾತು, ಚಕ್ಕಳಮಕ್ಕಳ ಹಾಕಿ ಕುಂದ್ರಾಕ ಬರಂಗಿಲ್ಲ.”

“ಮೊದ್ಲ ಯಾರಿಗೂ ಹೇಳಿಲ್ಲೇನ್ರಿ?”

“ಯಾರು ಕೇಳ್ಯಾರವ್ವ?”

ಹತ್ತು ನಿಮಿಷದ ಹಿಂದೆ ಅದೇ ಅಜ್ಜಿಯ ಪಕ್ಕ ನಿಂತವಳು ನಾನು. ಕೇಳಿರಲಿಲ್ಲ.

ಅವಳು ಅಜ್ಜಿಯನ್ನು ನಡೆಸಿ ನೋಡಿದಳು. ಬಲ ಸೊಂಟದ ಕೀಲು ಬಿಗಿದಿದೆ, ಅದಕ್ಕೇ ಭಾರವೆಲ್ಲ ಎಡಗಾಲಿನ ಮೇಲೆ ಬಿದ್ದು ಆ ಮೊಣಕಾಲು ನೋಯುತ್ತಿದೆ ಎಂದು ಹೇಳಿದಳು. ಕುರ್ಚಿ ಸರಿದ ಸದ್ದಾಯಿತು. ಪರೀಕ್ಷಕರು ತಾವೇ ಎದ್ದು ಬಂದು ನೋಡಿದರು. “ಸೊಂಟದ ಎಕ್ಸ್‌ರೇ ಮಾಡಿಸ್ಬೇಕು. ಭೇಷ್ ಕಣಮ್ಮ!”

ಹೊರಗೆ ಬಂದವಳೇ ನನ್ನನ್ನು ತಬ್ಬಿಕೊಂಡಳು. “ನೀ ಬಲಗಾಲು ಅಂದಿದ್ದಕ್ಕ ನೋಡಿದೆ ಲೇ. ಇಲ್ದಿದ್ರ ಮುಟ್ತಾನ ಇರ್ಲಿಲ್ಲ. ನಿನಗ ಹೆಂಗ ಗೊತ್ತಾತು?”

ಅವಳಿಗೆ ಕೆಡುಕಾಗಲೆಂದು ಆಡಿದ ಸುಳ್ಳೂ ಅವಳಿಗೇ ಒಳಿತಾಗಿತ್ತು. ನಾಚಿಕೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು.

ಸಂಜೆ ಬಸ್ಸಿನಲ್ಲಿ ಅವಳು ಪಕ್ಕದ ಸೀಟಿನವರ ಮುಂದೆಲ್ಲ ನನ್ನ ಜಾಣತನ ಹೊಗಳತೊಡಗಿದಳು. ಕೊಟ್ಟೂರು ಹತ್ತಿರ ಬರುತ್ತಿತ್ತು. ತಡೆಯಲಾಗಲಿಲ್ಲ.

“ನಾ ಸುಳ್ಳು ಹೇಳಿದ್ದೆ. ನೀ ತಪ್ಪು ಮಾಡ್ಲಿ ಅಂತ.”

ಮೊದಲು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

“ಯಾಕ?”

“ನಿನ್ನಂಗ ನನಗ ಬರಂಗಿಲ್ಲ. ಅದಕ್ಕ.”

ಅವಳು ಕಿಟಕಿಯ ಕಡೆ ತಿರುಗಿದಳು. ಊರು ಬಂದಾಗ ಬ್ಯಾಗು ಎತ್ತಿಕೊಂಡು ಇಳಿದುಹೋದಳು.

ಫಲಿತಾಂಶ ಬಂದಾಗ ಅವಳು ಮೊದಲನೆಯವಳು, ನಾನು ಎರಡನೆಯವಳು. ತಪ್ಪು ಒಪ್ಪಿಕೊಂಡರೆ ಹೊಟ್ಟೆಯುರಿ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಈಗ ಅವಳು ಹಗರಿಬೊಮ್ಮನಹಳ್ಳಿಯಲ್ಲಿ ಕ್ಲಿನಿಕ್ ಇಟ್ಟಿದ್ದಾಳೆ, ನಾನು ಕೂಡ್ಲಿಗಿಯಲ್ಲಿ. ಹೋದ ವರ್ಷ ಒಮ್ಮೆ ಫೋನ್ ಮಾಡಿದ್ದಳು.

“ನಿಮ್ಮೂರಿನವರೊಬ್ರು ಬಂದಾರ. ಇಲ್ಲಿತನ ದಿನಾ ಬರೋದು ಕಷ್ಟ ಅಂತಾರ. ನಿಮ್ಮ ಕಡಿ ಕಳಿಸ್ತೀನಿ, ನೋಡ್ರಿ.”

ಅವಳು ನನಗೆ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು.

“ಆತು ಕಳಿಸ್ರಿ,” ಎಂದೆ.